ಅಕ್ಷರದ ಮಗ್ಗುಲು ಹೊರಗೆ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6.30

ಹಾಲು ತಂದೆ. ಇಳಿಯಲು ಐವತ್ತೆರಡು ಮೆಟ್ಟಿಲು, ಏರಲು ನೂರಾ ನಾಲ್ಕು — ಮಂಡಿಗಳ ಲೆಕ್ಕ ಹಾಗೇ. ಬಿಲ್ಡರ್ ಲಿಫ್ಟಿನ ಗುಂಡಿ ತೋಡಿ ಹೋದ, ಲಿಫ್ಟ್ ತರಲಿಲ್ಲ. ಒಂಬತ್ತು ವರ್ಷವಾಯಿತು. ಗುಂಡಿಯಲ್ಲೀಗ ಕೆಳಮನೆಯ ಮಹಾರುದ್ರಪ್ಪ ಎಮ್ಮೆಗೆ ಜೋಳದ ಕಣಕಿ ಒಟ್ಟಿದ್ದಾನೆ. ಒಂದನೇ ಮಹಡಿ ಮುಟ್ಟಿದೆ. ಈ ಬಿಲ್ಡಿಂಗಿನಲ್ಲಿ ಸುಲಭವಾಗಿ ಮೇಲೇರುತ್ತಿರುವುದು ಅದೊಂದೇ.

ಗಜಾಲಾ ಫೋನ್ ಮಾಡಿದಳು. ಹುಮನಾಬಾದಿನಲ್ಲಿ ಅವಳ ಪಕ್ಕದ ಮನೆ ಮಾರಾಟಕ್ಕಿದೆ. ನೆಲಮಹಡಿ, ಹೊಸ್ತಿಲೊಂದೇ ಮೆಟ್ಟಿಲು. ಮಾಲೀಕ ತಿಂಗಳ ಕೊನೆತನಕ ಕಾಯುತ್ತಾನೆ, ಆಮೇಲೆ ಬೇರೆಯವರಿಗೆ. ಮೂವತ್ತು ವರ್ಷ ಮೆರವಣಿಗೆಗಳಲ್ಲಿ ಒಂದೇ ಮೈಕಿಗೆ ಕಿತ್ತಾಡಿದವರು ನಾವು. ಇನ್ನು ಒಂದೇ ಗೋಡೆಗೆ ಕಿತ್ತಾಡಬಹುದು.

ಈ ಫ್ಲ್ಯಾಟ್ ಹೋಗಬೇಕು. ಇಪ್ಪತ್ತೈದು ದಿನ.

ಫೆ. 4, ಮಂಗಳವಾರ

ಏಜೆಂಟ್ ಶರಣಕುಮಾರ ಬಂದ. ಏಳನೇ ಇಯತ್ತೆಯಲ್ಲಿ ನನ್ನ ವಿದ್ಯಾರ್ಥಿ. ನಕಾಶೆಯಲ್ಲಿ ನಮ್ಮ ಬಸವಕಲ್ಯಾಣ ತೋರಿಸು ಅಂದರೆ ಅರಬ್ಬೀ ಸಮುದ್ರದಲ್ಲಿ ಬೆರಳಿಟ್ಟವನು. ಈಗ ಊರಿನ ಒಂದೊಂದು ಪ್ಲಾಟಿನ ನಾಲ್ಕೂ ದಿಕ್ಕು ಬಲ್ಲ. ಮನೆ ಸುತ್ತಿದ, ತಲೆ ಕೆರೆದ. ಆನ್‌ಲೈನ್ ಫೋಟೋ ಹಾಕಬೇಕು. ಅದಕ್ಕೆ ಮೊದಲು ಮನೆ 'ನ್ಯೂಟ್ರಲ್' ಮಾಡಬೇಕಂತೆ. ಹಾಗಂದರೇನೋ ಅಂದೆ.

"ನೋಡಿದವರಿಗೆ ತಮ್ಮದೇ ಮನಿ ಅನಸಬೇಕ್ರಿ ಟೀಚರ. ಯಾರ ಮನಿ ಅಂತ ತಿಳೀಬಾರದು."

ಗೋಡೆಯ ಮೇಲಿನ ಹಲಗೆ ವಾದ್ಯ ತೆಗೆಯಬೇಕು. ಬಾಗಿಲ ಹಿಂದಿನ ಘೋಷಣೆ ಫಲಕಗಳು. ಕರಪತ್ರಗಳ ಗಂಟು — ಅದನ್ನು ಸ್ಟೂಲ್ ಅಂದುಕೊಂಡು ಆರು ವರ್ಷ ಕುಳಿತಿದ್ದೇನೆ. ಎಲ್ಲಕ್ಕೂ ಹೂಂ ಅಂದೆ. ಕೊನೆಗೆ ಹಾಲ್‌ನ ಗೋಡೆಯ ದೊಡ್ಡ ಫೋಟೋ ಮುಂದೆ ನಿಂತು ಕೆಮ್ಮಿದ.

"ಇವರು... ನೀಲಿ ಕೋಟಿನವರು... ಜರಾ ಒಳಗ ಹೋದ್ರ ಛಲೋ ಇತ್ರಿ."

ಬಾಬಾಸಾಹೇಬ ಅನ್ನಲು ನಾಲಿಗೆ ಹೊರಳಲಿಲ್ಲ ಮಗನಿಗೆ. ಎಲ್ಲರೂ ಒಂದೇ ಎಂದು ಕಮಾನು ಕಮಾನಿಗೆ ಬರೆಸಿಕೊಂಡ ಊರು. ಇಲ್ಲಿ ಫೋಟೋಕ್ಕೂ ಒಳಕೋಣೆ ತೋರಿಸುತ್ತಾರೆ. ಬಾಯಿಗೆ ಬಂದಂತೆ ಬೈದೆ. ಬೈಗುಳದ ನಡುವೆಯೇ ಚಹಾ ಮುಗಿಸಿ ಹೋದ.

ಫೆ. 5

ಗಜಾಲಾಗೆ ಫೋನ್ ಹಚ್ಚಿ ಉರಿದೆ. ನಕ್ಕಳು. ತಾನು ಬಾಡಿಗೆ ಮನೆ ಹುಡುಕಿದ ವರ್ಷ ನೆನಪಿಸಿದಳು. ಹನ್ನೆರಡು ಬಾಗಿಲು. ಹೆಸರು ಕೇಳುವ ತನಕ ಮನೆ ಖಾಲಿ. ಕೇಳಿದ ಮೇಲೆ 'ನಿನ್ನೆನೇ ಕೊಟ್ಟೇವ್ರಿ'. ಹನ್ನೆರಡೂ.

"ನಿಂದರ ಮೊಳಿ ಮ್ಯಾಲಿನ ಫೋಟೋ, ಇಳಸಬಹುದು. ನಾ ನನ್ನ ಹೆಸರು ಯಾವ ಮೊಳಿಯಿಂದ ಇಳಸಲಿ, ಹೇಳು."

ಆ ಹನ್ನೆರಡು ಬಾಗಿಲಿನ ಸಿಟ್ಟಿಗೇ ಅವತ್ತು ಮೆರವಣಿಗೆ ತೆಗೆದದ್ದು. ಬ್ಯಾನರ್ ಬರೆದವಳು ನಾನೇ.

ಫೆ. 7, ಶುಕ್ರವಾರ

ಮಂಡಿಗಳು ಸಿದ್ಧಾಂತವನ್ನು ಸೋಲಿಸಿದವು. ಫೋಟೋ ಇಳಿಸಿದೆ. ಅಡುಗೆಮನೆ ಕಪಾಟಿನಲ್ಲಿ, ತೊಗರಿಬೇಳೆ ಡಬ್ಬಿಯ ಪಕ್ಕ. ಕ್ಷಮೆ ಕೇಳಿದೆ.

ಗೋಡೆಯ ಮೇಲೆ ಬಿಳಿ ಚೌಕ, ಸುತ್ತ ಒಂಬತ್ತು ವರ್ಷದ ಮಸಿ. ಅದೇ ಎತ್ತರ, ಅದೇ ಅಗಲ, ಮೇಲೆ ಹಾರದ ಮೊಳೆ. ಮೊದಲಿಗಿಂತ ಸ್ಪಷ್ಟ. ಶರಣಕುಮಾರ ಬಂದು ನೋಡಿ, ಇನ್ನೂ ಕಾಣಾಕತ್ತಾರಲ್ರಿ ಅಂದ. ಗೊಬ್ಬರದಂಗಡಿಯ ಕ್ಯಾಲೆಂಡರ್ ತಂದು ನೇತುಹಾಕಿದ. ಸಣ್ಣದಾಯಿತು. ಸಾಹೇಬರ ಮುಂದೆ ಅರ್ಜಿ ಹಿಡಿದು ನಿಂತವರ ಹಾಗೆ ಕಂಡಿತು.

ಕಿಟಕಿಗೆ ಪರದೆಯೂ ಬೇಕಂತೆ. ಟ್ರಂಕಿನಲ್ಲಿ ಹಳೇ ಬ್ಯಾನರ್ ಇತ್ತು, ಬಟ್ಟೆ ಇನ್ನೂ ಗಟ್ಟಿ. ನಡುವೆ ಕತ್ತರಿಸಿ ಅಂಚು ಹೊಲಿದೆ, ಎರಡು ಪರದೆ. ಅಕ್ಷರದ ಮಗ್ಗುಲು ಹೊರಗೆ — ಬೇವಿನ ಮರ ಓದಿಕೊಳ್ಳಲಿ. ಮರಕ್ಕೂ ಸಾಲು ತಪ್ಪಬಾರದೆಂದು ಹಿಂದುಮುಂದಾಗದಂತೆ ಹಾಕಿದೆ. ಟೀಚರ್ ಬುದ್ಧಿ. ಒಳಗಿನಿಂದ ಅಚ್ಚ ಬಿಳಿ. ನ್ಯೂಟ್ರಲ್.

ಫೆ. 8, ಶನಿವಾರ. ಸಂಜೆ 7

ಫೋಟೋಗ್ರಾಫರ್ ಸೋಹೇಲ ಮದುವೆ ತೆಗೆಯುವವನು. ಬೆಳಿಗ್ಗೆ ಬರಬೇಕಿತ್ತು, ಹುಮನಾಬಾದಿನ ನಿಕಾಹ್ ಮುಗಿಸಿ ನಾಲ್ಕೂವರೆಗೆ ಬಂದ. ಪಶ್ಚಿಮದ ಬಿಸಿಲು ಕಿಟಕಿಗೆ ನೇರ ಬಡಿಯುವ ಹೊತ್ತು. ಸಿಲಿಂಡರಿಗೆ ದುಪಟ್ಟಾ ಹೊದಿಸಿದ. ದಿಂಬನ್ನು ವಧುವಿನಂತೆ ಓರೆಯಾಗಿ ಕೂರಿಸಿದ. ಫ್ರೇಮಿನಲ್ಲಿ ಬರಬ್ಯಾಡ್ರಿ ಎಂದು ನನ್ನನ್ನೂ ಅಡುಗೆಮನೆಗೆ ಅಟ್ಟಿದರು. ಸಾಹೇಬರು, ನಾನು, ತೊಗರಿಬೇಳೆ.

ಬಾಗಿಲು ದಕ್ಷಿಣಕ್ಕಿದೆ, ವಾಸ್ತುವಿಗೆ ಆಗದು. ಶರಣಕುಮಾರ ಫೋಟೋ ಎಡಬಲ ತಿರುಗಿಸಲು ಹೇಳಿದ. ಒಂದು ಬೆರಳು ಒತ್ತಿದ್ದಕ್ಕೆ ಬಾಗಿಲು ಉತ್ತರಕ್ಕೆ ಹೋಯಿತು. ಒಂಬತ್ತು ವರ್ಷ ನಾನು ಸುಮ್ಮನೆ ತಪ್ಪು ಕಡೆಯಿಂದ ಒಳಬಂದೆ.

ಫೆ. 9, ಭಾನುವಾರ

ಬೆಳಿಗ್ಗೆಯಿಂದ ಮೊಬೈಲ್ ಬಿಸಿ. ಕೊಳ್ಳುವವನು ಒಬ್ಬನೂ ಇಲ್ಲ. ಕೊಡಂಬಲದ ಹಳೇ ಸಂಗಾತಿ ಕೇಳಿದ — ಮೆರವಣಿಗಿ ಯಾವಾಗ ಅದ, ಜೀಪು ಎಷ್ಟು ತರಲಿ. ಇನ್ನೊಬ್ಬ ಹೆಸರು ಹೇಳದೆ ಬೈದು ಇಟ್ಟ. ಕನ್ನಡಕ ಹಾಕಿ ಜಾಹೀರಾತು ತೆರೆದೆ.

ಹಾಲ್‌ನ ಫೋಟೋ. ಪರದೆ ತುಂಬ ಬಿಸಿಲು. ಬಿಸಿಲಿನಲ್ಲಿ ಕಪ್ಪಗೆ, ಗೇಣುದ್ದದ ಅಕ್ಷರ. ಒಂದು ಪರದೆಯಲ್ಲಿ — ಜಾತಿ ಕೇಳಿ ಮನೆ ಕೊಡುವವರಿಗೆ. ಇನ್ನೊಂದರಲ್ಲಿ — ಧಿಕ್ಕಾರ.

ಒಳಗಿನಿಂದ ಉಲ್ಟಾ ಕಾಣಬೇಕು. ಸೋಹೇಲ ಉಲ್ಟಾ ಅಕ್ಷರ ನೋಡಿ ಬಟ್ಟೆಯ ಡಿಸೈನ್ ಅಂದುಕೊಂಡನಂತೆ. ವಾಸ್ತು ಬಂದು ನೆಟ್ಟಗೆ ಮಾಡಿತು. ಕೆಳಗೆ ಶರಣಕುಮಾರನ ಬರಹ: ಶಾಂತ ವಾತಾವರಣ, ಲಿಫ್ಟಿಗೆ ಜಾಗವಿದೆ.

ಫೆ. 10

ಶರಣಕುಮಾರ ಐವತ್ತೆರಡು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ ಬಂದ. ನೋಡಲು ಬರುವೆವೆಂದಿದ್ದ ಐದು ಜನವೂ ಕೈಕೊಟ್ಟಿದ್ದಾರೆ. ಕಾರಣ ಯಾರೂ ಹೇಳಿಲ್ಲ. 'ನಿನ್ನೆನೇ ಬ್ಯಾರೆ ಕಡೆ ನೋಡೇವಿ.' ನನಗೆ ನಗು, ಅವನಿಗೆ ಕಣ್ಣೀರು. ಅವನ ಧಂದಾ ನನ್ನಿಂದ ಕೆಡಬಾರದು — ತೆಗೆದುಹಾಕು ಅಂದೆ. ಸಾಹೇಬರನ್ನು ಬೇಳೆಯ ಪಕ್ಕದಿಂದ ಬಿಡಿಸಿ ಮೊಳೆಗೆ ಹಾಕಿದೆ. ಇನ್ನು ಬಚ್ಚಿಡಲು ಏನು ಉಳಿದಿದೆ.

ಅವನು ಡಿಲೀಟ್ ಒತ್ತುವ ಮೊದಲೇ ಫೋನ್. ಪೂನಂ ಅಂತ, ನರ್ಸ್. ಪರದೆ ಮನಿ ಇದೇ ಏನ್ರಿ ಎಂದು ಕೇಳಿದಳಂತೆ.

ಫೆ. 11, ಮಂಗಳವಾರ

ಪೂನಂ ಬಂದಳು, ಡ್ಯೂಟಿ ಮುಗಿಸಿ, ಪಶ್ಚಿಮದ ಬಿಸಿಲಿನ ಹೊತ್ತಿಗೆ. ಊರು ನಿರ್ಣಾ. ಒಂಬತ್ತು ಮನೆ ನೋಡಿ ಸಾಕಾಗಿದೆ. ಎಲ್ಲರೂ ಮೊದಲು ಅವಳನ್ನು ನೋಡಿದರಂತೆ. ನಲ್ಲಿ ತಿರುವಿದಳು, ಗೋಡೆ ಬಡಿದಳು. ಏದುಸಿರಿಲ್ಲ. ಪರದೆ ಮುಂದೆ ನಿಂತು ನಕ್ಕಳು. ಹುಡುಗಿ ಹಿಡಿಸಿದಳು. ಚಹಾಕ್ಕೆ ಇಟ್ಟೆ. ಖುಷಿಯಲ್ಲಿ ಅಡುಗೆಮನೆಯಿಂದಲೇ ಕೂಗಿದೆ —

"ನಿನ್ನ ಅಡ್ಡಹೆಸರೇನವ್ವಾ?"

ನಾನೇ. ಈ ಬಾಯಿಂದಲೇ. ನಮ್ಮ ಕಡೆ ಅಡ್ಡಹೆಸರೊಂದು ಸಿಕ್ಕರೆ ಸಾಕು, ಜಾತಿ, ಓಣಿ, ಒಲೆ, ಬಾವಿ ಎಲ್ಲ ತಿಳಿದಂತೆ. ಹೊರಗೆ ಬಂದೆ. ಶರಣಕುಮಾರ ಫ್ಯಾನ್ ನೋಡುತ್ತಿದ್ದ. ಪೂನಂ ಪರದೆ ನೋಡುತ್ತಿದ್ದಳು. ಬಲಗಡೆಯಿಂದ ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದಳು. ಧಿಕ್ಕಾರದ ತನಕ.

"ಉಲ್ಟಾ ಇದ್ರೂ ಓದಾಕ ಬರ್ತದ್ರಿ."

ಚಹಾ ಕುಡಿಯದೆ ಹೋದಳು.

ಫೆ. 12

ಥೂ.

ಫೆ. 18

ಪೂನಂ ಫೋನ್ ಎತ್ತುವುದಿಲ್ಲ. ಗಜಾಲಾಗೆ ಎಲ್ಲ ಹೇಳಿದೆ. ಈ ಸಲ ನಗಲಿಲ್ಲ. ಹದಿಮೂರನೇ ಬಾಗಿಲು ನಿಂದು ಬಾಳಮ್ಮ, ಅಂದಳು.

ಫೆ. 20, ಗುರುವಾರ

ಇಳಿದೆ. ಅವಳ ಆಸ್ಪತ್ರೆಗೆ ಹೋದೆ. ನರ್ಸ್ ಕಾಣಲೂ ಚೀಟಿ ಬೇಕಂತೆ. ಚೀಟಿ ಮಾಡಿಸಿದೆ, ಮಂಡಿನೋವು ಅಂತ ಬರೆಸಿದೆ. ಎರಡು ತಾಸು ಪಾಳಿ. ನನ್ನ ಸರದಿ ಬಂದಾಗ ಮುಖ ನೋಡದೆ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ನಾನು ಕೇಳಿದ್ದು ತಪ್ಪು, ಬರೀ ನಾಲಿಗೆಯದಲ್ಲ, ನನ್ನದೇ ತಪ್ಪು ಅಂದೆ. ಪಾಳಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಕೇಳಲಿ.

"ಬಿಪಿ ಜಾಸ್ತಿ ಅದ. ಉಪ್ಪು ಕಡಿಮಿ ಮಾಡ್ರಿ. ಪ್ರಶ್ನೆನೂ."

ಮುಂದಿನವರನ್ನು ಕರೆದಳು.

ಫೆ. 25, ಮಂಗಳವಾರ

ಭಾನುವಾರ ಪೂನಂ ತಾನೇ ಶರಣಕುಮಾರನಿಗೆ ಫೋನ್ ಮಾಡಿ ಮನಿ ಬೇಕು ಅಂದಳಂತೆ. ಇವತ್ತು ಕರಾರಿಗೆ ಸಹಿ ಬಿತ್ತು. ಬರೆಯುವವನು ಪೂರ್ತಿ ಹೆಸರು ಕೇಳಿದಾಗ ಪೂನಂ ಹೇಳಿದಳು. ನಾನು ಫ್ಯಾನ್ ನೋಡಿದೆ. ಶರಣಕುಮಾರ ನನ್ನನ್ನು ನೋಡಿ ಕೆಮ್ಮಿದ.

ಅವಳದು ಒಂದೇ ಶರತ್ತು. ಪರದೆ ಬೇಕು, ಆದರೆ ಒಂದೇ.

"ಇನ್ನೊಂದು ನೀವು ಒಯ್ರಿ ಟೀಚರ. ನಿಮಗೂ ಬೇಕಾಗ್ತದ."

ಯಾವುದು ಅಂತ ಕೇಳಲಿಲ್ಲ. ಪ್ರಶ್ನೆ ಕಡಿಮೆ ಮಾಡಿದ್ದೇನೆ.

ಫೆ. 27, ಗುರುವಾರ. ಬೆಳಿಗ್ಗೆ 8

ಟೆಂಪೋ ಬಂತು. ಫಲಕಗಳು ಇಳಿದವು, ಹಲಗೆ ಇಳಿಯಿತು, ಸಾಹೇಬರು ನನ್ನ ತೊಡೆಯ ಮೇಲೆ. ಗೋಡೆಯ ಬಿಳಿ ಚೌಕಕ್ಕೆ ಸುಣ್ಣ ಹೊಡೆಸಲೇ ಎಂದಿದ್ದೆ. ಇರಲಿ, ನಮ್ಮ ಮನಿ ಫೋಟೋಕ್ಕ ಅಳತೆ ಸರಿ ಅದ ಅಂದಿದ್ದಳು ಪೂನಂ.

'ಜಾತಿ ಕೇಳಿ ಮನೆ ಕೊಡುವವರಿಗೆ' ಅವಳ ಕಿಟಕಿಯಲ್ಲಿ ಉಳಿಯಿತು. 'ಧಿಕ್ಕಾರ' ಮಡಚಿ ಚೀಲದಲ್ಲಿ ಇಟ್ಟೆ. ಹುಮನಾಬಾದಿನಲ್ಲಿ ಹಾಸಿಗೆ ಎದುರಿನ ಕಿಟಕಿಗೆ. ಯಾರಿಗೆ ಧಿಕ್ಕಾರ ಅಂತ ಗಜಾಲಾ ಕೇಳದೆ ಬಿಡುವವಳಲ್ಲ.

ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಈ ಸಲ ಅಕ್ಷರದ ಮಗ್ಗುಲು ಒಳಗೆ, ನನ್ನ ಕಡೆ —