ರೋಣದಿಂದ ತಂದ ಜುನಿಪರ್

ಮಾಮಾ,

ಇದನ್ನು ಯಾವ ವಿಳಾಸಕ್ಕೆ ಹಾಕಬೇಕೋ ಗೊತ್ತಿಲ್ಲ, ಆದರೂ ಬರೀತಿದೀನಿ. ನನ್ನ ಕನ್ನಡ ನೋಡಿ ನಗಬೇಡ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಇಂಗ್ಲಿಷ್ ಮಾತಾಡಿಕೊಂಡೇ ಬೆಳೆದವಳು ನಾನು. ರಜೆಗೆ ಗಜೇಂದ್ರಗಡಕ್ಕೆ ಬಂದಾಗೆಲ್ಲ ನೀನೇ "ಬಂದ್ರೇನ್ರೀ ಮೇಡಂ?" ಅಂತ ಕಾಡುತ್ತಿದ್ದೆ. ನಮ್ಮ ಜುನಿಪರ್ ಗಿಡದ ಬಗ್ಗೆ ನಿನಗೆ ಒಂದು ಸುದ್ದಿ ಹೇಳೋದಿದೆ. ತಪ್ಪು ನನ್ನದು. ಒಂದೇ ಸಾಲಿನಲ್ಲಿ ಹೇಳಲಿಕ್ಕೆ ಧೈರ್ಯ ಸಾಲದು, ಅದಕ್ಕೆ ಮೊದಲಿನಿಂದ ಹೇಳ್ತೀನಿ.

ರೋಣದ ಆ ಹಳೇ ಬಂಗ್ಲೆಯ ಕಂಪೌಂಡ್ ಒಡೆಯುತ್ತಿದ್ದ ದಿನ ನೆನಪಿದೆಯಾ? ನಾನಾಗ ಹತ್ತನೇ ಕ್ಲಾಸು, ಡಿಸೆಂಬರ್ ರಜೆ. ಜೆಸಿಬಿ ಓಡಿಸುವವನು ನಿನ್ನ ಗಿರಾಕಿ, ಅವನ ಹೊಲದ ಪಂಪಿನ ಮೋಟರ್ ನೀನೇ ವೈಂಡಿಂಗ್ ಮಾಡಿಕೊಟ್ಟಿದ್ದೆ. ಗೇಟಿನ ಹತ್ತಿರ ಮೂರು ಜುನಿಪರ್ ಇದ್ದವು. ಯಾವ ಕಾಲದಲ್ಲಿ ಯಾವ ಸಾಹೇಬ ನೆಡಿಸಿದ್ದನೋ, ಬುಡ ನನ್ನ ತೊಡೆಯಷ್ಟು ದಪ್ಪ. "ಇದನ್ನ ಒಯ್ದ್ ಏನ್ ಮಾಡ್ತಿ ಮೇಸ್ತ್ರಿ? ಒಲಿಗೆ ಹಾಕಿದ್ರೂ ಬರೇ ಹೊಗಿ" ಅಂದ ಅವನು. "ಮೊಳದುದ್ದ ಬೋನ್ಸಾಯ್ ಮಾಡಿ ಕುಂಡದಾಗ ಇಡ್ತೀನಿ" ಅಂದೆ ನೀನು. "ಅದಕ್ಕ ನೀ ಯಾಕ ಬೇಕು, ನನ್ನ ಜೆಸಿಬಿ ಒಂದ್ ನಿಮಿಷದಾಗ ಮಾಡತೈತಿ." ಎಲ್ಲರೂ ನಕ್ಕರು. ನೀನೂ ನಕ್ಕೆ, ಆದರೆ ಜೆಸಿಬಿ ಹತ್ತಿರ ಬರಲಿಕ್ಕೆ ಬಿಡಲಿಲ್ಲ. ಮಧ್ಯಾಹ್ನ ಮೂರರ ತನಕ ಕೈಯಲ್ಲೇ ಅಗೆದೆ. ಮೇಲಿನದೆಲ್ಲ ಕತ್ತರಿಸಿ, ಬೇರಿಗೆ ಒದ್ದೆ ಗೋಣಿಚೀಲ ಸುತ್ತಿ ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದಾಗ, ದಾರಿಯುದ್ದಕ್ಕೂ ನಾನು ಒಂದು ಬುಡವನ್ನು ಅಪ್ಪಿಕೊಂಡು ಕೂತಿದ್ದೆ. ಪೇಶಂಟನ್ನು ದವಾಖಾನಿಗೆ ಒಯ್ಯುವ ಹಾಗೆ.

ನಿನ್ನ ಅಂಗಡಿಯ ಹಿಂದಿನ ಅಂಗಳದಲ್ಲಿ ಕಳೆದ ಆ ರಜೆಗಳಷ್ಟು ಸುಖ ನಾನು ಬೇರೆಲ್ಲೂ ಕಂಡಿಲ್ಲ. ಸುಟ್ಟ ಮೋಟರಿನಿಂದ ತೆಗೆದ ತಾಮ್ರದ ತಂತಿಯನ್ನು ನೀನು ಬೆಂಕಿಗೆ ಹಾಕಿ ಮೆತ್ತಗೆ ಮಾಡುತ್ತಿದ್ದೆ. ಕೊಂಬೆಗೆ ಒದ್ದೆ ಸೆಣಬು ಸುತ್ತಿ, ಅದರ ಮೇಲೆ ಆ ತಂತಿ ಸುತ್ತಿ, ತಿಂಗಳಿಗೆ ಒಂದು ಬೆರಳಷ್ಟು ಬಗ್ಗಿಸುತ್ತಿದ್ದೆ. ಒಣಗಿದ ಕೊಂಬೆಗಳನ್ನು ಕೊಳೆಯದ ಹಾಗೆ ಬಿಳಿ ಮಾಡಲಿಕ್ಕೆ ಸುಣ್ಣ, ಗಂಧಕ ಸೇರಿಸಿ ಕುದಿಸಿದ ದಿನ ಪಕ್ಕದ ಮನೆಯ ಅಜ್ಜಿ ಗೋಡೆ ಮೇಲಿಂದ ಮೂಗು ಮುಚ್ಚಿಕೊಂಡು, "ಏನ್ ಮೇಸ್ತ್ರಿ, ತತ್ತಿ ಕೊಳಿಸಾಕ ಹತ್ತೀರೇನು?" ಅಂತ ಕೇಳಿದ್ದಳು. ಮೂರರಲ್ಲಿ ಎರಡು ಗಿಡ ಮೊದಲ ಬೇಸಿಗೆಯಲ್ಲೇ ಹೋದವು. ಆಗ ನೀ ಹೇಳಿದ್ದು ನನಗೆ ಪಾಠದ ಹಾಗೆ ಬಾಯಿಪಾಠ ಇದೆ: "ಈ ಗಿಡ ಸತ್ತದ್ದ ಗೊತ್ತಾಗಾಂಗಿಲ್ಲ ಮೇಡಂ. ಬೇರು ಸತ್ತ ಮ್ಯಾಲೂ ಎರಡ್ ತಿಂಗಳ ಹಸರ ಇರತೈತಿ. ಎಲಿ ನಂಬಬ್ಯಾಡ. ತೊಗಟಿ ಕೆರದ್ ನೋಡು, ಒಳಗ ಹಸರ ಇದ್ರ ಜೀವ ಐತಿ."

ನಿನ್ನ ಸುದ್ದಿ ನನಗೆ ಯಾವಾಗ ಮುಟ್ಟಿತು ಅಂತ ನಿನಗೆ ಗೊತ್ತಿಲ್ಲ. ಸೆಕೆಂಡ್ ಪಿಯು ಪರೀಕ್ಷೆ ನಡೆದಿತ್ತು. ಕೆಮಿಸ್ಟ್ರಿಗೆ ಮೂರು ದಿನ ಇತ್ತು, ನೀನು ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದೆಯಂತೆ. ಆ ಮೂರೂ ದಿನ ಅಮ್ಮ ಫೋನಿನಲ್ಲಿ, "ಮಾಮಾ ಆರಾಮ ಅದಾನ, ನಿನ್ನ ಕೇಳ್ತಿರ್ತಾನ, ನೀ ಓದು" ಅಂದಳು. ಅಷ್ಟು ಚಂದ ಹೇಗೆ ಹೇಳಿದಳೋ. ಪೇಪರ್ ಮುಗಿಸಿ ಹೊರಗೆ ಬಂದರೆ ಗೇಟಿನಲ್ಲಿ ಅಪ್ಪ ನಿಂತಿದ್ದರು. ಹುಬ್ಬಳ್ಳಿಯಿಂದ ಹೊರಟ ಬಸ್ಸು ನವಲಗುಂದ ದಾಟಿದ ಮೇಲೆ ಹೇಳಿದರು. ನಿನ್ನನ್ನು ಮಣ್ಣು ಮಾಡಿ ಆಗಲೇ ಎರಡು ದಿನ ಆಗಿತ್ತು. ನನ್ನ ಒಳ್ಳೇದಕ್ಕೇ ಅಂತ ಎಲ್ಲರೂ ಹೇಳಿದರು. ಒಳ್ಳೇದಕ್ಕೇ ಇರಬಹುದು. ಆದರೆ ಆ ಮೂರು ದಿನ ನಾನು ನೀನಿದ್ದೀ ಅಂದುಕೊಂಡು...

ಈ ಮಾರ್ಚಿನಲ್ಲಿ ನಿನ್ನ ವರ್ಷದ ಕಾರ್ಯಕ್ಕೆ ಎರಡು ದಿನ ರಜೆ ಹಾಕಿ ಬಂದಿದ್ದೆ. ಉಳಿದ ಒಂದು ಗಿಡ ಇನ್ನೂ ನೀನು ನೆಟ್ಟಿದ್ದ ಹಲಗೆಯ ಪೆಟ್ಟಿಗೆಯಲ್ಲೇ ಇತ್ತು. ನೀನು ಸಿಮೆಂಟಿನಲ್ಲಿ ಮಾಡಿಟ್ಟಿದ್ದ ಕುಂಡ ಮೂಲೆಯಲ್ಲಿ ಖಾಲಿ ಕೂತಿತ್ತು. ಮರುದಿನ ಬೀಗರು, ಮಂದಿ ಬರುವವರು. ಆ ಕುಂಡಕ್ಕೆ ಹಾಕಿ ನಿನ್ನ ಫೋಟೋ ಮುಂದೆ ಗಿಡ ಇಡೋಣ, ನೀ ಏನು ಮಾಡಿದ್ದಿ ಅಂತ ಜನ ನೋಡಲಿ ಅನಿಸಿತು. ಪೆಟ್ಟಿಗೆ ಬಿಚ್ಚಿದರೆ ಬೇರಿನ ಒಂದು ಕಡೆ ನೀನು ತುಂಬಿದ್ದ ಇಟ್ಟಂಗಿ ಚೂರು, ಕೊಣ್ಣೂರು ಹೊಳೆಯ ಉಸುಕು. ಇನ್ನೊಂದು ಕಡೆ ರೋಣದ ಕರೀ ಎರಿಮಣ್ಣು ಹಾಗೇ ಇತ್ತು, ಕಲ್ಲಿನ ಹಾಗೆ ಬಿಗಿದುಕೊಂಡು. ಆ ಕಡೆ ಎರಡು ವರ್ಷ ಮುಟ್ಟಬೇಡ, ಗಿಡ ಅದರ ಮೇಲೇ ಬದುಕಿದೆ ಅಂದಿದ್ದೆ ನೀನು. ಮರೆತಿರಲಿಲ್ಲ, ಮಾಮಾ. ಆದರೆ ನಮ್ಮ ಮನೆಯಲ್ಲಿ ಎರಿ ಹೊಲಕ್ಕೆ ಹೋಗಿ ಬಂದವರು ಕಾಲು ತೊಳೆಯದೆ ಹೊಸ್ತಿಲು ದಾಟುತ್ತಾರಾ? ನಿನ್ನ ಫೋಟೋ ಇಟ್ಟ ದೇವರ ಜಗಲಿಯ ಮುಂದೆ ಇಡುವ ಗಿಡವನ್ನು ಆ ಕರೀ ರಾಡಿಯ ಜೊತೆ ಒಳಗೆ ತರೋದು ಹೇಗೆ ಅಂತ ಅನಿಸಿತು. ಪೈಪು ಹಿಡಿದೆ. ಕೊನೆಯ ಹೆಂಟೆ ಬಿಡುವ ತನಕ ತೊಳೆದೆ. ಬೇರಿನ ಸಣ್ಣ ಎಳೆಗಳು ನೀರಿನ ಜೊತೆ ಹರಿದುಹೋಗುವುದು ಕಂಡಿತು, ಆದರೂ ನಿಲ್ಲಿಸಲಿಲ್ಲ. ಬಿಸಿಲು ಎಷ್ಟಿತ್ತು ಅಂತೀ?

ಕಾರ್ಯದ ದಿನ ಎಲ್ಲರೂ ಗಿಡ ನೋಡಿದ್ದೇ ನೋಡಿದ್ದು. "ಮೇಸ್ತ್ರಿ ಕೈ ಅಂದ್ರ ಕೈ" ಅಂದರು. ನೀ ಹೋದಾಗಿನಿಂದ ಗೋಡೆ ನೋಡಿಕೊಂಡು ಕೂತಿದ್ದ ಅತ್ತಿ ಅವತ್ತು ವರ್ಷದ ಮೇಲೆ ಮೊದಲ ಸಲ ನಕ್ಕಳು. ಆಮೇಲೆ ದಿನಾ ಎರಡು ಹೊತ್ತು ಅವಳೇ ನೀರು ಹಾಕಲಿಕ್ಕೆ ಶುರು ಮಾಡಿದಳು. ಬಿಸಿಲು ಏರಿದರೆ ತನ್ನ ಹಳೇ ಸೀರೆ ಮೇಲೆ ಕಟ್ಟುತ್ತಿದ್ದಳು.

ಸಂಜೆ ಆರಕ್ಕೆ ಅತ್ತಿಯ ವಿಡಿಯೋ ಕಾಲ್ ಬರುತ್ತದೆ. ಆ ಹೊತ್ತಿಗೆ ನಾನು ಲ್ಯಾಬಿನಿಂದ ಬಂದು ಮಂಚದ ಮೇಲೆ ಬೂಟು ಸಹಿತ ಬಿದ್ದಿರುತ್ತೇನೆ. ನೀ ಹೋದ ಮೇಲೆ ಅಪ್ಪ ಹುಬ್ಬಳ್ಳಿಯಲ್ಲೇ ಫಾರ್ಮಸಿಗೆ ಸೇರಿಸಿದರು, ನಾನು ಕೇಳಿದ್ದಲ್ಲ. ಇಂಟರ್ನಲ್ಸ್‌ನಲ್ಲಿ ಎರಡು ಸಬ್ಜೆಕ್ಟ್ ಹೋಗಿವೆ. ಬೆಳಿಗ್ಗೆ ಎದೆ ಡವಡವ ಅಂತ ಹೊಡೆದುಕೊಳ್ಳುತ್ತದೆ, ಬಾತ್‌ರೂಮಿನ ಚಿಲಕ ಹಾಕಿಕೊಂಡು ನೂರು ಎಣಿಸಿ ಹೊರಗೆ ಬರ್ತೀನಿ. ಮನೆಯಿಂದ ಫೋನ್ ಬಂದರೆ "ಫೈನ್" ಅಂತೀನಿ. ಅತ್ತಿ ಫೋನನ್ನು ಗಿಡದ ಕಡೆ ತಿರುಗಿಸಿ, "ನೋಡು, ಹ್ಯಾಂಗ ಹಸರ ಐತಿ. ನಿಮ್ಮ ಮಾಮಾ ಎಲ್ಲೂ ಹೋಗಿಲ್ಲ" ಅನ್ನುತ್ತಾಳೆ. ಹೂಂ ಅತ್ತಿ, ಅಂತೀನಿ.

ಮೇ ತಿಂಗಳ ಮೊದಲ ಭಾನುವಾರ ಸುಮ್ಮನೆ ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಹಸಿರೇನೋ ಇತ್ತು, ಆದರೆ ಹೊಳಪಿರಲಿಲ್ಲ. ಅತ್ತಿ ಚಹಾ ಇಡಲಿಕ್ಕೆ ಒಳಗೆ ಹೋದಾಗ ಬುಡದ ಹಿಂದೆ ಉಗುರಿನಿಂದ ಕೆರೆದೆ. ಕಂದು. ಕೊಂಬೆ ಕೆರೆದೆ, ಕಂದು. ನೀನು ಎರಡು ವರ್ಷ ಬಗ್ಗಿಸಿದ ಆ ದೊಡ್ಡ ಕೊಂಬೆಯನ್ನು ಮೂರು ಕಡೆ ಕೆರೆದೆ. ಎಲ್ಲೂ ಒಂದು ಎಳೆ ಹಸಿ ಇರಲಿಲ್ಲ. ಅಷ್ಟರಲ್ಲಿ ಅತ್ತಿ ಚಹಾ ತಂದಳು. ಕೆರೆದ ಜಾಗಕ್ಕೆ ಮಣ್ಣು ಸವರಿ, ಚಹಾ ಕುಡಿದು, ಬಸ್ ಹತ್ತಿ ಬಂದೆ. ಹೇಳಬೇಕಿತ್ತಲ್ಲವಾ? ಹೇಳಿದರೆ ಅವಳು ಮತ್ತೆ ಮೊದಲಿನ ಹಾಗೆ ಗೋಡೆ ನೋಡಿಕೊಂಡು ಕೂತರೆ ಅಂತ...

ಆಮೇಲೆ ಅತ್ತಿಯ ತಮ್ಮನ ಮಗಳ ಮದುವೆ ಬಂತು, ನರಗುಂದದಲ್ಲಿ. ಆ ಹುಡುಗಿಯನ್ನು ಎತ್ತಿ ಆಡಿಸಿದವಳು ಅತ್ತಿ. ಅಮ್ಮ ಫೋನ್ ಮಾಡಿ, "ನಿಮ್ಮತ್ತಿ ಹೋಗಾಂಗಿಲ್ಲ ಅಂತಾಳ, ನೀನರ ಹೇಳು" ಅಂದಳು. ನಾನು ಅತ್ತಿಗೆ ಫೋನ್ ಮಾಡಿದೆ. "ನಾಕ್ ದಿನ ಬಿಟ್ಟ ಹೋದ್ರ ಗಿಡಕ್ಕ ನೀರ ಯಾರ್ ಹಾಕ್ತಾರ? ಇಂಥಾ ಬಿಸಲಾಗ? ಅವ್ರು ಜೀವಾ ಇಟ್ಟ ಬೆಳೆಸಿದ್ದು" ಅಂದಳು. ಫೋನ್ ಇಟ್ಟೆ. ಸತ್ತ ಗಿಡವೊಂದು ಅವಳನ್ನು ಮನೆಯಲ್ಲಿ ಕಟ್ಟಿ ಹಾಕಿತ್ತು. ಗಂಟು ಹಾಕಿದವಳು ನಾನು.

ಮೊನ್ನೆ ಭಾನುವಾರ ಮೊದಲ ಬಸ್ಸಿಗೇ ಹೋದೆ. ಅತ್ತಿ ಚೊಂಬು ಹಿಡಿದುಕೊಂಡು ಗಿಡದ ಮುಂದೆ ನಿಂತಿದ್ದಳು. "ಅತ್ತಿ, ನೀರ ಹಾಕಬ್ಯಾಡ" ಅಂದೆ. ಚಾಕು ತಂದು ಅವಳ ಮುಂದೆಯೇ ತೊಗಟೆ ಕೆರೆದೆ, ಬುಡದಿಂದ ತುದಿಯ ತನಕ. ಪೈಪು ಹಿಡಿದು ಮಣ್ಣು ತೊಳೆದದ್ದು ಹೇಳಿದೆ. ಅವಳು ಬೆರಳಿನಿಂದ ಮುಟ್ಟಿ ನೋಡಿದಳು.

"ಯಾವಾಗಿಂದ ಗೊತ್ತೈತಿ ನಿನಗ?"

"ಮೂರು ವಾರ."

"ಮೂರು ವಾರ" ಅಂದಳು. ಚೊಂಬು ಕೆಳಗಿಟ್ಟಳು. "ಸತ್ತದ್ದಕ್ಕ ನನ್ನ ಕೈಲೇ ಮೂರು ವಾರ ನೀರ ಹಾಕಿಸಿದಿ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ರೊಟ್ಟಿ ಬಡಿದಳು, ನನಗೆ ಬಡಿಸಿದಳು, ತಾನು ಉಣ್ಣಲಿಲ್ಲ. ನಾನು ಹೊರಡುವಾಗ ಟ್ರಂಕಿನಿಂದ ಸೀರೆ ತೆಗೆಯುತ್ತಿದ್ದಳು. ಹೋಗಿ ಬರ್ತೀನಿ ಅತ್ತಿ ಅಂದರೆ, ತಲೆ ಎತ್ತದೆ ಹೂಂ ಅಂದಳು.

ಎರಡು ದಿನ ಆರಕ್ಕೆ ಫೋನ್ ಬರಲಿಲ್ಲ. ಇವತ್ತು ಮಧ್ಯಾಹ್ನ ಬಂತು, ನರಗುಂದದಿಂದ. ಹಿಂದೆ ವಾಲಗ, ಮಂದಿಯ ಗದ್ದಲ. ಹುಡುಗಿಗೆ ಅರಿಷಿಣ ಹಚ್ಚಿ ಬಂದಿದ್ದಳು, ಕೈ ಹಳದಿ ಆಗಿತ್ತು. ಗಿಡದ ಮಾತೆತ್ತಲಿಲ್ಲ. ಫೋನನ್ನು ಹತ್ತಿರ ಹಿಡಿದು ನನ್ನ ಮುಖ ನೋಡಿದಳು.

"ನೀ ಹ್ಯಾಂಗದಿ?" ಅಂದಳು. "ಖರೇ ಹೇಳು."

ಮಾಮಾ, ಫೈನ್ ಅನ್ನುವುದು ಬಾಯಿ ತುದಿಗೇ ಬಂದಿತ್ತು. ಅನ್ನಲಿಲ್ಲ. ಇಂಟರ್ನಲ್ಸ್, ಬಾತ್‌ರೂಮಿನ ಚಿಲಕ, ಬೆಳಗಿನ ಎದೆಬಡಿತ, ಎಲ್ಲಾ ಹೇಳಿದೆ. ಅವಳು ಮದುವೆ ಮನೆಯ ಹಿತ್ತಲಿಗೆ ಹೋಗಿ, ಒಂದು ಕಿವಿ ಮುಚ್ಚಿಕೊಂಡು ಕೇಳಿದಳು. ಒಳಗಿನಿಂದ ಯಾರೋ ಎರಡು ಸಲ ಕರೆದರು, ಹೋಗಲಿಲ್ಲ. ಕೊನೆಗೆ, "ಮದವಿ ಮುಗಿಸ್ಕೊಂಡು ಸೀದಾ ಹುಬ್ಬಳ್ಳಿಗೇ ಬರ್ತೀನಿ. ನಿಮ್ಮಪ್ಪಗ ನಾ ಹೇಳ್ತೀನಿ" ಅಂದಳು. ಏನು ಹೇಳ್ತಾಳೋ, ಅಪ್ಪ ಏನಂತಾರೋ ಗೊತ್ತಿಲ್ಲ. ಗುರುವಾರ ಬರ್ತಾಳೆ. ಬಸ್ ಸ್ಟ್ಯಾಂಡಿಗೆ ನಾನೇ ಹೋಗಿ ಕಾಯ್ತೀನಿ.

ನಿನ್ನ ಮೇಡಂ