ಹಳೇ ವಿಳಾಸಕ್ಕೆ ಬಂದ ಉತ್ತರ

೧೨ ಆಗಸ್ಟ್ ೧೯೯೯, ಗುರುವಾರ. ಆಳಂದ

ತಲೆ ಇನ್ನೂ ಕಾದೇ ಇದೆ. ಸೋಮವಾರ ವಿಶ್ವವಿದ್ಯಾಲಯದವರಿಗೆಲ್ಲ ಹೊಸ ಇ-ಮೇಲ್ ವಿಳಾಸ ಕೊಟ್ಟೆವು. ಹಳೆಯದೂ ಒಂದು ತಿಂಗಳು ನಡೆಯಲಿ ಎಂದು ಬೇಡಿಕೊಂಡೆ. ನಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಕಲ್ಯಾಣಪ್ಪನವರು ಕೇಳಲಿಲ್ಲ. "ಎರಡೆರಡು ಯಾಕ್ರೀ?" ಎಂದು, ಹಳೇ ವಿಳಾಸದ ಮೇಲ್‌ಗಳು ಬಂದು ಸೇರುತ್ತಿದ್ದ ಹಳೇ ಕಂಪ್ಯೂಟರ್ ಬಂದ್ ಮಾಡಿಸಿದರು.

ಇವತ್ತು ಇತಿಹಾಸದ ಸುಂದರಬಾಯಿ ಮೇಡಂ ಬಂದರು. ಮಣ್ಣೂರಿನ ಶಾಸನಗಳ ಮೇಲೆ ಬರೆದ ಪ್ರಬಂಧಕ್ಕೆ ಜರ್ಮನಿಯ ಸಂಶೋಧನಾ ಪತ್ರಿಕೆಯಿಂದ ಉತ್ತರ ಬರಬೇಕಿತ್ತಂತೆ.

"ಹಳೇ ವಿಳಾಸಾನೇ ಕೊಟ್ಟೇನ್ರಿ. ವರ್ಷಗಟ್ಟಲೆ ಮಾಡಿದ ಕೆಲಸ ಅದು. ಈಗ ಎಲ್ಲಿ ಹುಡುಕ್ಲಿ?" ಎಂದರು.

ಕಲ್ಯಾಣಪ್ಪ ಸಾಹೇಬರು ಮೀಟಿಂಗಿಗೆ ಹೋದದ್ದೇ ತಡ, ಹಳೇ ಕಂಪ್ಯೂಟರ್ ಚಾಲೂ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಪ್ರಬಂಧ ಒಪ್ಪಿದ್ದಾರೆ! ಮೇಡಂ ಕುರ್ಚಿಯಲ್ಲಿ ಕುಸಿದು ಕೂತು ಅತ್ತೇಬಿಟ್ಟರು. ಅದರ ಹಿಂದೆಯೇ ಬೇರೆಯವರ ಮೇಲ್‌ಗಳೂ ಸಾಲಾಗಿ ಬರತೊಡಗಿದವು. ಇಷ್ಟು ದಿನ ದಾರಿಯಲ್ಲೇ ಕಾದಿದ್ದವು, ಪಾಪ.

ಸಂಜೆ ಸಾಹೇಬರು ನೋಡಿ ಸಿಡಿದರು. "ಯಾರನ್ನ ಕೇಳಿ ಚಾಲೂ ಮಾಡೀರಿ? ಬಂದ್ ಮಾಡ್ರಿ ಮೊದ್ಲ!"

"ಆಯ್ತ್ರಿ ಸರ್" ಎಂದೆ. ಮಾಡಲಿಲ್ಲ. ಕಂಪ್ಯೂಟರ್ ನಡೆಯುತ್ತಿದ್ದಂತೆಯೇ ಕೋಣೆಗೆ ಕೀಲಿ ಹಾಕಿ, ಕೀಲಿಕೈ ಕಿಸೆಯಲ್ಲಿಟ್ಟುಕೊಂಡು ಆಳಂದದ ಬಸ್ ಹತ್ತಿದೆ. ನಾಳೆ ಕೇಳಿದರೆ ಏನು ಹೇಳಲಿ? ನೌಕರಿ ಹೋಗುವ ಮಾತು ಬಂದರೆ ಬರಲಿ, ಅಷ್ಟು ಮಂದಿಗೆ ಬರುವ ಉತ್ತರ ತಡೆಯಲು ನನ್ನ ಕೈಯೇ ಯಾಕೆ ಬೇಕು...