ಬಲಗಡೆಯ ಸೀಟು

ಗಾರ್ಡನ್ ಸಿಟಿ, ಕಾನ್ಸಾಸ್
ಜೂನ್ 29, 1964

ಮುನಿಸಿಕೊಂಡಿರುವ ನನ್ನ ರೋವೀನಾಗೆ ಅಮ್ಮನ ಮುತ್ತುಗಳು.

ನಿನ್ನೆ ನಾನು ಫೋನಿನಲ್ಲಿ "ಈ ಸಲ ನೀನು ಬರೋದು ಬೇಡ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಇಡುವಾಗ ನೀನು ಅಳುತ್ತಿದ್ದುದು ಕೇಳಿಸಿತು. ಎರಡು ವರ್ಷದಿಂದ ನನ್ನ ಪಕ್ಕ ಕೂತು ಹೆಂಗಸರ ವಿಮಾನ ರೇಸಿಗೆ ಬಂದವಳು, ಈಗ ಇಲ್ಲಿಗೆ ಬರಲು ಬಸ್ಸಿನ ಟಿಕೆಟ್ಟೂ ಕೊಂಡುಕೊಂಡವಳು, ಅಳದೆ ಏನು ಮಾಡುತ್ತಾಳೆ? ನೀನು ದಪ್ಪಗಾಗಿದ್ದೀಯ, ವಿಮಾನಕ್ಕೆ ಭಾರ, ನಕ್ಷೆ ನೆಟ್ಟಗೆ ಮಡಚಲು ಬರುವುದಿಲ್ಲ ಎಂದೆಲ್ಲ ಬರೆದು ಮೊದಲೊಂದು ಪತ್ರ ಹರಿದೆ. ನೀನು ನಂಬುತ್ತಿರಲಿಲ್ಲ.

ವಿಮಾನ ಸಿದ್ಧವಾಗಿದೆ. ಈ ರೇಸಿನಲ್ಲಿ ಎಲ್ಲರಿಗಿಂತ ಮುಂದೆ ಹಾರಿದರೆ ಸಾಲದು, ಒಂದೊಂದು ವಿಮಾನಕ್ಕೂ ಮೊದಲೇ ಗೊತ್ತುಮಾಡಿದ ವೇಗವನ್ನು ಅದು ಎಷ್ಟು ಮೀರಿತು ಎಂಬುದೇ ಲೆಕ್ಕ. ಹಾಗಾಗಿ ರೆಕ್ಕೆಯ ಮೇಲೆ ಸತ್ತ ಸೊಳ್ಳೆಯೂ ನಮಗೆ ಶತ್ರು. ವಾರವಿಡೀ ಮಕ್ಕಳ ಹಳೆಯ ಲಂಗೋಟಿ ಬಟ್ಟೆ ಹಿಡಿದು ಮೇಣ ತಿಕ್ಕಿದ್ದೇವೆ. ಮೆಕ್ಯಾನಿಕ್ ಆರ್ಲೋ ಸುಮ್ಮನಿರುತ್ತಾನೆಯೇ? "ಏನಮ್ಮ ವರ್ನಾ, ಇನ್ನೂ ತಿಕ್ಕಿದ್ರೆ ತಗಡೇ ಕಿತ್ಕೊಂಡು ಬರತ್ತೆ. ನಿನ್ನ ಅಡುಗೆಮನೆ ನೆಲಾನ ಒಂದ್ಸಲನಾದ್ರೂ ಹಿಂಗೆ ತಿಕ್ಕಿದ್ಯಾ?" ಎಂದ. "ಅಡುಗೆಮನೆ ಹಾರಲ್ವಲ್ಲೋ" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಔತಣದ ರಾತ್ರಿಗೆ ಬೇಕಾದ ಉಡುಪುಗಳನ್ನು ಎಂದಿನಂತೆ ಪಾರ್ಸೆಲ್ ಮಾಡಿ ಮುಂಚೆಯೇ ನ್ಯೂಜೆರ್ಸಿಗೆ, ರೇಸ್ ಮುಗಿಯುವ ಊರಿಗೆ ಕಳಿಸಿದ್ದೇನೆ. ವಿಮಾನದಲ್ಲಿ ಹಲ್ಲುಜ್ಜುವ ಬ್ರಷ್ಷು, ಒಂದು ಜೊತೆ ಬಟ್ಟೆ, ಅಷ್ಟೆ. ನಿನಗೆಂದು ಹೊಲಿಸಿದ್ದ ನೀಲಿ ಉಡುಪನ್ನು ಸೊಂಟದಲ್ಲಿ ಹಿಡಿಸಿ ಫರ್ನ್‌ಗೆ ಸರಿಮಾಡಿದೆ. ಬೇಕರಿಯ ಗ್ಲಾಡಿಸ್‌ಳ ಮಗಳು ಫರ್ನ್, ಕಳೆದ ಚಳಿಗಾಲದಲ್ಲಿ ಲೈಸೆನ್ಸ್ ಪಡೆದಳಲ್ಲ, ಅವಳೇ. ಅವಳೇ ಈಗ ನನ್ನ ಕೋಪೈಲಟ್.

ಇನ್ನು ನಿಜ ಹೇಳುತ್ತೇನೆ. ಮಾರ್ಚಿನಲ್ಲಿ ಒಬ್ಬಳೇ ಡಾಡ್ಜ್ ಸಿಟಿ ಕಡೆ ಹಾರುತ್ತಿದ್ದೆ. ಎದುರಿಗೆ ಧಾನ್ಯ ತುಂಬಿಡುವ ಎತ್ತರದ ಗೋಪುರಗಳು ಬಿಳಿಯಾಗಿ ಕಾಣುತ್ತಿದ್ದವು. ಆಮೇಲೆ ನೋಡಿದರೆ ಅವು ಎದುರಿಗಿಲ್ಲ, ಬೆನ್ನ ಹಿಂದೆ ದೂರದಲ್ಲಿವೆ. ನಡುವಿನದು ಏನೂ ನೆನಪಿಲ್ಲ, ರೋವೀನಾ. ನಿದ್ದೆಯಲ್ಲ. ನಿದ್ದೆ ಮಾಡಿದವರಿಗೆ ಎದ್ದದ್ದಾದರೂ ಗೊತ್ತಾಗುತ್ತದೆ. ಕೈ ಚಾಲನೆಯ ಹಿಡಿಯ ಮೇಲೇ ಇತ್ತು, ಕಣ್ಣೂ ತೆರೆದೇ ಇದ್ದಿರಬೇಕು, ಒಳಗೆ ಮಾತ್ರ ನಾನಿರಲಿಲ್ಲ. ವಿಮಾನ ಸಾಕಷ್ಟು ಕೆಳಗೆ ಬಂದಿತ್ತು.

ಈಸ್ಟರಿನಲ್ಲಿ ನೀನು ಪಕ್ಕದಲ್ಲಿದ್ದಾಗ ಮತ್ತೆ ಹಾಗೆಯೇ ಆಯಿತು. "ಅಮ್ಮಾ, ವಿಮಾನದ ಮೂಗು ಕೆಳಗೆ ಹೋಗ್ತಿದೆ, ಎಲ್ಲಿದ್ದೀಯಾ?" ಎಂದು ನನ್ನ ಭುಜ ಅಲುಗಿಸಿದೆ. "ನಿನ್ನ ಪರೀಕ್ಷೆ ಮಾಡ್ತಿದ್ದೆ ಕಣೇ, ಪಾಸಾದೆ" ಎಂದು ನಕ್ಕೆ. ನೀನು ನಂಬಿ, ಬೀಗಿ, ಸ್ಯಾಂಡ್‌ವಿಚ್ ಬಿಚ್ಚಿದೆ. ಅಂದಿನಿಂದ ನನಗೆ ಅನ್ನ ನೀರು ಸೇರುತ್ತಿಲ್ಲ. ಬಲಗಡೆಯ ಸೀಟಿನಲ್ಲಿ ಇನ್ನೊಮ್ಮೆ ನಿನ್ನನ್ನು ಕೂರಿಸಲಾರೆ.

ಹಾಗಾದರೆ ರೇಸ್ ಬಿಡು ಎನ್ನುತ್ತೀಯ. ಬಿಡಲಾರೆ. ಸೆಪ್ಟೆಂಬರಿನಲ್ಲಿ ನನ್ನ ವೈದ್ಯಕೀಯ ಪರೀಕ್ಷೆಯಿದೆ. ಡಾಕ್ಟರು ನೆಟ್ಟಗೆ ಒಂದು ಪ್ರಶ್ನೆ ಕೇಳಿದರೆ ನನ್ನ ಮುಖವೇ ಎಲ್ಲವನ್ನೂ ಹೇಳಿಬಿಡುತ್ತದೆ, ಲೈಸೆನ್ಸ್ ಹೋಗುತ್ತದೆ. ಯುದ್ಧಕಾಲದಲ್ಲಿ ಗಂಡಸರ ವಿಮಾನಗಳನ್ನು ಊರಿಂದ ಊರಿಗೆ ಮುಟ್ಟಿಸಿದವಳು ನಾನು. ಆಮೇಲೆ ಅವರು ಥ್ಯಾಂಕ್ಸ್ ಹೇಳಿ ಮನೆಗೆ ಕಳಿಸಿದರು. ಈ ರೇಸ್ ಒಂದೇ ನನ್ನದೆಂದು ಉಳಿದದ್ದು, ಅದರಲ್ಲೂ ಒಮ್ಮೆಯೂ ಗೆದ್ದಿಲ್ಲ. ಈ ವರ್ಷ ವಿಮಾನ ಬಾಣದಂತೆ ಹೋಗುತ್ತಿದೆ. ನಾನು ಗೆಲ್ಲಬೇಕು. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ.

ಒಬ್ಬಳೇ ಹಾರಲು ನಿಯಮ ಬಿಡುವುದಿಲ್ಲ. ಅದಕ್ಕೇ ಫರ್ನ್. ಒಳ್ಳೆಯ ಹುಡುಗಿ, ನಕ್ಷೆ ಓದುವುದರಲ್ಲಿ ಚುರುಕು. ಅವಳು ಕಲಿತದ್ದು ಪುಟ್ಟ ವಿಮಾನದಲ್ಲಿ, ನಮ್ಮದನ್ನು ಇನ್ನೂ ಒಮ್ಮೆಯೂ ಇಳಿಸಿಲ್ಲ. ಗ್ಲಾಡಿಸ್ ಊರೆಲ್ಲ ಮಗಳನ್ನು ಹೊಗಳಿದ್ದೇ ಹೊಗಳಿದ್ದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಾನೂ ಆರ್ಲೋನೂ ನಕ್ಕೆವು. ನಿನ್ನೆ ಗ್ಲಾಡಿಸ್ ನನ್ನ ಕೈ ಹಿಡಿದು, "ಬೇರೆ ಯಾರಾದ್ರೂ ಆಗಿದ್ರೆ ಕಳಿಸ್ತಿರ್ಲಿಲ್ಲ ವರ್ನಾ. ನೀನಿದ್ದೀಯಲ್ಲ, ನಂಗೇನು ಭಯ?" ಎಂದಳು. ಅವಳು ಕೊಟ್ಟ ಬನ್ನಿನ ಪೊಟ್ಟಣ ತೆಗೆದುಕೊಂಡು ಬಂದೆ.

ಆದರೆ ಅವರಿಗೂ ನಿಜ ಹೇಳುತ್ತೇನೆ. ಹೊರಡುವ ಮೊದಲು ತಾಯಿ ಮಗಳು ಇಬ್ಬರನ್ನೂ ಕೂರಿಸಿಕೊಂಡು, ನಿನಗೆ ಬರೆದದ್ದನ್ನೆಲ್ಲ ಹೇಳಿಬಿಡುತ್ತೇನೆ. ಒಲ್ಲೆ ಎಂದರೆ ಬಲವಂತವಿಲ್ಲ, ವಿಮಾನ ಹ್ಯಾಂಗರಿನಲ್ಲೇ ಇರಲಿ. ನಿನ್ನಮ್ಮ ಅಷ್ಟು ಕೆಟ್ಟವಳಲ್ಲ. ಈಗ ಕಣ್ಣೊರೆಸಿಕೋ, ಊಟ ಮಾಡು.

ನಿನ್ನನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುವ
ಅಮ್ಮ,
ವರ್ನಾ ಹಾಲ್ವರ್ಸನ್

ಆಮೇಲೆ ಸೇರಿಸಿದ್ದು: ಸ್ಯಾನ್ ಡಿಯಾಗೋ, ರೇಸ್ ಹೊರಡುವ ದಿನದ ಬೆಳಿಗ್ಗೆ. ಈ ಪತ್ರವನ್ನು ಅಂದೇ ಅಂಚೆಗೆ ಹಾಕಬೇಕಿತ್ತು. ಹಾಕಿದ್ದರೆ ನೀನು ಗ್ಲಾಡಿಸ್‌ಗೆ ಫೋನ್ ಮಾಡುತ್ತಿದ್ದೆ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ? ಅದಕ್ಕೇ ಚೀಲದಲ್ಲೇ ಇಟ್ಟುಕೊಂಡೆ. ಅವರಿಗೂ ಹೇಳಲಿಲ್ಲ. ಇಲ್ಲಿಗೆ ಬರುವ ದಾರಿಯಲ್ಲಿ, ಬೆಟ್ಟಗಳ ಮೇಲೆ, ಮತ್ತೊಮ್ಮೆ ಆಯಿತು. ಫರ್ನ್ ನಕ್ಷೆ ನೋಡುತ್ತಿದ್ದಳು, ಅವಳಿಗೆ ತಿಳಿಯಲಿಲ್ಲ. "ರೋವೀನಾ ಯಾಕೆ ಬರ್ಲಿಲ್ಲ ಮಿಸೆಸ್ ಹಾಲ್ವರ್ಸನ್?" ಎಂದು ಈಗ ತಾನೇ ಕೇಳಿದಳು. "ಅವಳಿಗೀಗ ಹಾರಲು ಭಯ" ಎಂದೆ. ಯಾರಾದರೂ ಕೇಳಿದರೆ ನೀನೂ ಹಾಗೆಯೇ ಹೇಳು. ನಮ್ಮ ಸರದಿ ಬಂದಿದೆ, ಅಂಚೆಗೆ ಹಾಕಲೆಂದು ಪತ್ರವನ್ನು, ರೇಸ್ ಶುರುಮಾಡಲು ಬಾವುಟ ಹಿಡಿದವರ ಕೈಗೆ ಕೊಡುತ್ತಿದ್ದೇನೆ. ಫರ್ನ್ ಬೆಲ್ಟ್ ಬಿಗಿದುಕೊಂಡು ನಿನ್ನ ಜಾಗದಲ್ಲಿ ಕೂತಿದ್ದಾಳೆ.